ಗಡಿಯಾರದ ಮಾವನ ಎಡಗಣ್ಣು

ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ಸುಮ್ಮನೆ ಕೂತರೂ ಉರಿಯುವುದು, ಉಜ್ಜಿದಷ್ಟೂ ಕೆಂಪಾಗುವುದು, ಇದು ಯಾರ ಮನೆಯಲ್ಲಿಲ್ಲ ಹೇಳಿ. ಗಡಿಯಾರದ ಮಾವನಿಗೂ ಅದೇ ಶುರುವಾಯಿತು.

ಮಾವನ ರಿಪೇರಿ ಅಂಗಡಿ ಬೀದಿಯ ತಿರುವಿನಲ್ಲಿ. ಅಗಲ ಅಂದರೆ ಒಂದು ಮಂಚದಷ್ಟು. ತಮ್ಮ ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೇ ಮಾವ ನಲವತ್ತು ವರ್ಷ ಕೂತಿದ್ದಾರೆ. ಆಗೆಲ್ಲ ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗಿದರೆ ಸಾಕು, ಬೀದಿಯ ಗಂಡಸರು ನಿಂತಲ್ಲೇ ನಿಂತು ಕೈಗಡಿಯಾರದ ಕೀಲಿ ತಿರುಗಿಸುತ್ತಿದ್ದರು. ಶಾಲೆ ಬಿಟ್ಟ ಮಕ್ಕಳು ಅಂಗಡಿಯ ಮುಂದೆ ಸಾಲಾಗಿ ನಿಂತು, ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ನಾಲ್ಕು ಹೊಡೆಯುವುದನ್ನು ಕೇಳಿಯೇ ಮನೆಗೆ ಹೋಗುತ್ತಿದ್ದವು. ಈಗ ಮಿಲ್ಲೂ ಇಲ್ಲ, ಸೈರನ್ನೂ ಇಲ್ಲ. ಹಳೇ ಗಡಿಯಾರ ಬಿಡಲಾರದ ನಾಲ್ಕು ಜನ ಬರುತ್ತಾರೆ, ಅವರಿಗಾಗಿ ಮಾವ ಬಾಗಿಲು ತೆಗೆಯುತ್ತಾರೆ.

ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, ಕಣ್ಣೀರು ಒಣಗಿದೆ ಎಂದರು. ರೆಪ್ಪೆ ಮಿಟುಕಿಸದೆ ಸಣ್ಣ ಚಕ್ರದ ಹಲ್ಲುಗಳನ್ನೇ ದಿಟ್ಟಿಸುವ ಕೆಲಸ ಬೇರೆ. ಎರಡು ಬಾಟಲಿ ಬರೆದುಕೊಟ್ಟರು. ಒಂದು ಕಣ್ಣೀರಿನಂಥ ಹನಿ, ದಿನವೂ ಹಾಕುವುದು. ಇನ್ನೊಂದು ಉರಿ ಇಳಿಸುವ ಸ್ಟೀರಾಯ್ಡ್ ಹನಿ. "ಇದು ಹದಿನೈದೇ ದಿನ. ಆಮೇಲೆ ಬಂದು ತೋರಿಸಬೇಕು" ಎಂದಿದ್ದರು.

ಎರಡನೆಯ ಬಾಟಲಿಯ ಹನಿ ಬಿದ್ದ ವಾರಕ್ಕೇ ಉರಿ ಮಾಯವಾಯಿತು. ಮಾವ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಬಾಟಲಿ ಮುಗಿದಾಗಲೆಲ್ಲ ಅತ್ತೆ ಹಳೇ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಿ ತರುತ್ತಿದ್ದರು. ಹೀಗೇ ಆರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಅಂಗಡಿಗೆ ಪುಟ್ಟಿ ಬಂದಳು. ಹಿಂದೆ ಗಡಿಯಾರಕ್ಕೆ ಕಿವಿಯಿಟ್ಟು ನಿಲ್ಲುತ್ತಿದ್ದ ಹುಡುಗಿ, ಈಗ ಕಣ್ಣಾಸ್ಪತ್ರೆಯಲ್ಲಿ ನರ್ಸು. ತಲೆ ಅರ್ಧ ನರೆತಿದ್ದರೂ ಮಾವನಿಗೆ ಅವಳು ಪುಟ್ಟಿಯೇ.

"ಅಪ್ಪನ ವಾಚು ನಿಂತ್ಹೋಗಿದೆ ಮಾವ. ಅವರು ಹೋದ ಮೇಲೆ ನಾನೇ ಕಟ್ಕೋತಿದ್ದೆ."

ಮಾವ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡರು, ಎಡಗಣ್ಣು ಮುಚ್ಚಿದರು, ವಾಚಿನ ಹಿಂದಿನ ಮುಚ್ಚಳ ತೆಗೆದರು. ಮುಚ್ಚಳದ ಒಳಗಡೆ ಸೂಜಿಯಲ್ಲಿ ಗೀರಿದ ಅಕ್ಷರಗಳು, ಕೂದಲಿಗಿಂತ ಸಣ್ಣವು. ರಿಪೇರಿ ಮಾಡಿದವರು ತಾರೀಕನ್ನೂ ಕೆಲಸವನ್ನೂ ಅಲ್ಲಿ ಗೀರಿಡುವುದು ಈ ಕಸುಬಿನ ಪದ್ಧತಿ.

"ಇದು ನಮ್ಮಪ್ಪನ ಕೈಬರಹ. ನಿಮ್ಮಪ್ಪ ಮದುವೆ ವರ್ಷ ತಂದದ್ದು. ಇದು ನಂದು, ನೀನು ಒಂದನೇ ಕ್ಲಾಸು. ವಾಚನ್ನ ನೀರಿಗೆ ಹಾಕಿದ್ದೆ, ನೆನಪಿದ್ಯಾ?"

"ಮೀನಿಗೆ ಟೈಮ್ ತೋರಿಸೋಕೆ ಹಾಕಿದ್ದು ಮಾವ. ಒದೆ ಬಿದ್ದದ್ದೂ ನೆನಪಿದೆ." ಇಬ್ಬರೂ ನಕ್ಕರು. ಪುಟ್ಟಿಯ ಕಣ್ಣು ಮಾತ್ರ ತುಂಬಿತ್ತು.

"ನಿಂಗೆ ಪುಕ್ಕಟೆ ಬರುತ್ತೆ ಕಣ್ಣೀರು, ನಂಗೆ ಬಾಟಲೀಲಿ" ಎನ್ನುತ್ತಾ ಮಾವ ಹನಿ ಹಾಕಿಕೊಳ್ಳಲು ಹೋದರು. ಪುಟ್ಟಿ ಬಾಟಲಿ ಕಸಿದುಕೊಂಡು ಹೆಸರು ಓದಿದಳು, ಸ್ಟೀರಾಯ್ಡ್ ಹನಿ. ಮುಖದ ನಗು ಹೋಯಿತು.

"ಎಷ್ಟು ದಿನದಿಂದ?"

"ಆರು ತಿಂಗಳು. ಒಳ್ಳೇ ಔಷಧಿ ಕಣೆ."

"ಡಾಕ್ಟ್ರು ಇಷ್ಟು ದಿನ ಹಾಕಿ ಅಂದ್ರಾ?"

"ಉರಿ ಹೋಯ್ತಲ್ಲ, ಇನ್ನೇನು ಕೇಳೋದು?"

"ಉರಿ ಹೋಯ್ತು ಸರಿ. ದೃಷ್ಟಿ ಹೇಗಿದೆ?"

"ಕೂದಲಂಥಾ ಅಕ್ಷರ ಈಗ್ತಾನೇ ಓದಿದ್ನಲ್ಲ. ನನ್ನ ಕಣ್ಣಿಗೇ ಪರೀಕ್ಷೆ ಇಡ್ತೀಯಾ?"

"ಓದಿದ್ದು ಬಲಗಣ್ಣು. ಅದನ್ನ ಅಂಗೈಯಿಂದ ಮುಚ್ಚಿ, ಎದುರಿನ ಗೋಡೆ ನೋಡಿ."

ಮಾವ ಬಲಗಣ್ಣು ಮುಚ್ಚಿದರು. ಗೋಡೆಯ ಗಡಿಯಾರಗಳೆಲ್ಲ ಆವಿ ಕಟ್ಟಿದ ಗಾಜಿನ ಹಿಂದೆ ನಿಂತ ಹಾಗಿದ್ದವು. ಯಾವುದು ದೊಡ್ಡ ಮುಳ್ಳು, ಯಾವುದು ಚಿಕ್ಕದು, ತಿಳಿಯಲಿಲ್ಲ. ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು. ಮಾವ ಕೈ ತೆಗೆದರು, ಮತ್ತೆ ಮುಚ್ಚಿದರು. ನಲವತ್ತು ವರ್ಷ ಕೆಲಸಕ್ಕೆ ಕೂತಾಗಲೆಲ್ಲ ಮುಚ್ಚಿಟ್ಟ ಕಣ್ಣು ಅದು. ಒಂದು ದಿನವೂ ಅದನ್ನು ಹೇಗಿದ್ದೀಯ ಎಂದು ವಿಚಾರಿಸಿರಲಿಲ್ಲ.

"ಊರ ವಾಚುಗಳ ಕಾಯಿಲೆಯೆಲ್ಲ ಗೀರಿಟ್ಟಿದ್ದೀರಿ. ನಿಮ್ಮ ಕಣ್ಣಿಂದು ಎಲ್ಲಿ ಬರೆದಿದ್ದೀರಿ ಮಾವ?" ಎಂದಳು ಪುಟ್ಟಿ, ಮೆಲ್ಲಗೆ.

ಅಂದೇ ಆಸ್ಪತ್ರೆಗೆ ಅತ್ತೆಯೂ ಜೊತೆಗೆ ಹೊರಟರು. ಡಾಕ್ಟರು ಎರಡೂ ಕಣ್ಣಿನ ಒತ್ತಡ ಅಳೆದರು. "ಎಡಗಣ್ಣಲ್ಲಿ ಪೊರೆ ಬೆಳೆದಿದೆ. ಅದನ್ನ ಆಪರೇಷನ್ ಮಾಡಿ ತೆಗೀಬಹುದು. ಆದರೆ ಆ ಸ್ಟೀರಾಯ್ಡ್ ಹನಿ ತುಂಬ ದಿನ ಹಾಕಿ ಎರಡೂ ಕಣ್ಣಲ್ಲಿ ಒತ್ತಡ ಏರಿದೆ. ಇದು ನೋವು ಕೊಡದೇನೇ ನರ ತಿನ್ನುತ್ತೆ. ನರ ಹೋದರೆ ವಾಪಸ್ ಬರೋಲ್ಲ. ಇನ್ನೊಂದಷ್ಟು ತಿಂಗಳು ಬಿಟ್ಟಿದ್ದರೆ ಕೆಲಸದ ಕಣ್ಣೂ ಉಳೀತಿರಲಿಲ್ಲವೋ ಏನೋ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನೇ ಹೋಗಿ ತರ್ತಿದ್ದೆ ಡಾಕ್ಟ್ರೇ. ಒಳ್ಳೇದಾಗ್ಲಿ ಅಂತ."

"ಒಳ್ಳೇದೇ ತಂದಿರಿ ತಾಯಿ, ಹದಿನೈದು ದಿನದ ಮಟ್ಟಿಗೆ. ಇನ್ನು ಮೇಲೆ ಬರೆದಿಡೋಣ."

ಡಾಕ್ಟರು ಆ ಹನಿಯನ್ನು ನಿಲ್ಲಿಸಿದರು, ಒತ್ತಡಕ್ಕೆ ಬೇರೆ ಹನಿ ಕೊಟ್ಟರು. ಮನೆಯಲ್ಲಿ ಒಂದು ನೋಟ್‌ಬುಕ್ ಶುರುವಾಯಿತು. ಯಾವ ಹನಿ ಯಾವಾಗ ಹಾಕಿದ್ದು, ಉರಿ ಹತ್ತಕ್ಕೆ ಎಷ್ಟು, ಹನಿ ಹಾಕಿದ ಮೇಲೆ ಎಷ್ಟು ಹೊತ್ತು ಮಂಜು ಮಂಜು ಕಂಡಿತು, ಎಲ್ಲವನ್ನೂ ಅತ್ತೆ ಬರೆದರು. ದಿನಾ ಬೆಳಿಗ್ಗೆ ಒಂದೇ ಜಾಗ, ಒಂದೇ ಬೆಳಕು, ಒಂದೊಂದೇ ಕಣ್ಣು. ಅತ್ತೆ ಅಂಗಡಿಯ ಬಾಗಿಲಲ್ಲಿ ಕ್ಯಾಲೆಂಡರ್ ಹಿಡಿದು ನಿಲ್ಲುವರು, ಮಾವ ಸ್ಟೂಲಿನಿಂದ ಓದುವರು. ನಾಲ್ಕನೇ ದಿನ ಎಡಗಣ್ಣು ಗಡಗಡ ಓದಿಬಿಟ್ಟಿತು. ಅತ್ತೆ ಮೆಲ್ಲಗೆ ಕ್ಯಾಲೆಂಡರಿನ ಹಾಳೆ ಮಗುಚಿದರು. ಮಾವ ಹಳೇ ತಿಂಗಳನ್ನೇ ಓದುತ್ತಿದ್ದರು.

"ಬಾಯಿಪಾಠ ಮಾಡ್ಕೊಂಡಿದ್ದೀರಿ."

"ನಿನ್ನ ಮುಖ ಸಪ್ಪಗಾಗ್ತಿತ್ತಲ್ಲ, ಅದಕ್ಕೆ" ಎಂದರು ಮಾವ.

ಮರುದಿನದಿಂದ ಕ್ಯಾಲೆಂಡರಿನ ಬದಲು ಅಂದಂದಿನ ಪೇಪರು ಬಂತು.

ಮೂರು ತಿಂಗಳಿಗೆ ಡಾಕ್ಟರು ನೋಟ್‌ಬುಕ್ ತಿರುವಿಹಾಕಿದರು. ಉರಿ ಏರುವುದು ಮಧ್ಯಾಹ್ನ ಮಾತ್ರ ಎಂದು ಅದರಿಂದಲೇ ಗೊತ್ತಾಯಿತು. ಆ ಹೊತ್ತಿಗೆ ಮಾವ ಟೇಬಲ್ ಫ್ಯಾನನ್ನು ಮುಖಕ್ಕೇ ತಿರುಗಿಸಿಕೊಳ್ಳುತ್ತಿದ್ದರು. ಫ್ಯಾನು ಗೋಡೆಗೆ ತಿರುಗಿತು, ಉರಿ ಅರ್ಧಕ್ಕಿಳಿಯಿತು. ಒತ್ತಡವೂ ಇಳಿದಿತ್ತು. ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಣ್ಣಿನ ಹನಿಯ ಬಾಟಲಿ ಇರಬಹುದು. ಎಷ್ಟು ದಿನ ಹಾಕಬೇಕೆಂದು ಡಾಕ್ಟರನ್ನು ಕೇಳಿ, ಬರೆದಿಡಿ. ಹಳೇ ಚೀಟಿಯಲ್ಲಿ ಹೊಸ ಬಾಟಲಿ ತರಬೇಡಿ. ನಡುವೆ ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ, ಕೇಳಿ ನಿಲ್ಲಿಸಿ. ಹನಿ ಹಾಕಿದ ಮೇಲಿನ ಮಂಜು ಹೊತ್ತಾದರೂ ಹೋಗದಿದ್ದರೆ, ದೀಪದ ಸುತ್ತ ಬಳೆಯಂಥ ಉಂಗುರ ಕಂಡರೆ, ಕಣ್ಣು ನೋಯುತ್ತಿದ್ದರೆ ಅಂದೇ ಹೋಗಿ. ಏನೂ ಕಾಣದಿದ್ದರೂ ಹೇಳಿದ ದಿನಕ್ಕೆ ಹೋಗಿ ಒತ್ತಡ ಅಳೆಸಿ, ಅದು ಮನೆಯಲ್ಲಿ ತಿಳಿಯುವಂಥದ್ದಲ್ಲ. ಈಗ ಈ ಕಾಗದ ಹಿಡಿದಿರುವಂತೆಯೇ ಒಂದು ಕಣ್ಣು ಮುಚ್ಚಿ ಈ ಸಾಲು ಓದಿ. ಆಮೇಲೆ ಇನ್ನೊಂದು ಕಣ್ಣಿಗೂ ಒಂದು ಅವಕಾಶ ಕೊಡಿ.