ಹಸಿರು ಶಾಯಿಯ ‘ಇರಲಿ’

ಒಂಬತ್ತನೆಯ ಪುಟ ಯಂತ್ರದ ಬಾಯಿಗೆ ಹೋಗುವ ಹೊತ್ತಿಗೆ ಪಕ್ಕದ ಕೋಣೆಯ ಟಿವಿಯಲ್ಲಿ ಪ್ರಧಾನಿಯ ಭಾಷಣಕ್ಕೆ ಬಿದ್ದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಾಗದ ಚೂರು ಮಾಡುವ ಆ ಹಳೆಯ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಹಾಳೆ ಕೊಡಬೇಕು. ಎರಡು ಕೊಟ್ಟರೆ ಕೆಮ್ಮಿ ನಿಂತುಬಿಡುತ್ತದೆ. ಕರಡಕ್ಕ ಆ ಹಾಳೆಯನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಳು. ನಡುವಿನ ಒಂದು ಸಾಲಿನ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ‘ಇರಲಿ’ ಎಂದು ಬರೆದಿತ್ತು. ಕೆಳಗೆ ಎರಡು ಗೆರೆ ಬೇರೆ. ಹತ್ತೊಂಬತ್ತು ವರ್ಷದಲ್ಲಿ ಪ್ರಧಾನಿ ಯಾವ ಸಾಲಿಗೂ ಎರಡು ಗೆರೆ ಎಳೆದವರಲ್ಲ. ಅವಳು ಸುಮ್ಮನೆ ನಕ್ಕು, ಅದನ್ನೂ ಯಂತ್ರಕ್ಕೆ ಕೊಟ್ಟಳು.

ಪ್ರಧಾನಿಯ ಭಾಷಣಗಳ ಕರಡು ಬರೆಯುವುದು ಅವಳ ಕೆಲಸ. ಅದಕ್ಕೇ ಕಚೇರಿಯವರು ಹಿಂದಿನಿಂದ ಕರಡಕ್ಕ ಎನ್ನುತ್ತಿದ್ದರು, ಮುಂದಿನಿಂದ ಮೇಡಂ. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ಅವಳ ತಕರಾರಿರಲಿಲ್ಲ. ಅವಳು ಬರೆಯುವುದು, ಪ್ರಧಾನಿ ಓದಿ ಒಪ್ಪಿಗೆಯಾದ ಕಡೆ ಹಸಿರು ಶಾಯಿಯಲ್ಲಿ ‘ಇರಲಿ’ ಎಂದು ಗೀಚುವುದು, ಆಮೇಲೆ ಬೆರಳಚ್ಚಿಗೆ ಹೋಗುವುದು. ಭಾಷಣ ಮುಗಿದ ದಿನವೇ ಹಸಿರು ಶಾಯಿ ಬಿದ್ದ ಪ್ರತಿ ಹಾಳೆಯೂ ಯಂತ್ರಕ್ಕೆ.

ಈ ನಿಯಮ ಮಾಡಿದವಳು ಅವಳೇ. ಹಿಂದೊಮ್ಮೆ ಕಸದ ಬುಟ್ಟಿಯ ಕರಡೊಂದು ಪತ್ರಿಕೆಯವರ ಕೈಗೆ ಸಿಕ್ಕಿ, ಪ್ರಧಾನಿಗೆ ಮಾತು ಕಲಿಸುವವರು ಯಾರು ಎಂದು ಮುಖಪುಟದಲ್ಲಿ ಗೇಲಿ ಮಾಡಿದ್ದರು. ಅವತ್ತು ಪ್ರಧಾನಿಗಿಂತ ಇವಳಿಗೇ ಹೆಚ್ಚು ನಾಚಿಕೆಯಾಗಿತ್ತು.

"ಅಷ್ಟೆಲ್ಲಾ ಬೇಕೇನಮ್ಮಾ?" ಎಂದಿದ್ದರು ಅವರು.

"ಬೇಕು ಸರ್. ಆಡಿದ ಮೇಲೆ ಮಾತು ನಿಮ್ಮದು. ನನ್ನ ಗುರುತು ಅದ್ರಲ್ಲಿ ಇರಬಾರದು."

ಒಂಬತ್ತನೆಯ ಪುಟದ ಆ ಸಾಲು ಮಾತ್ರ ಅವಳದೂ ಅಲ್ಲ, ಅವಳ ತಮ್ಮನದು. ತಮ್ಮ ಊರಾಚೆಯ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಹಚ್ಚುವವನು. ನಿಮ್ಮ ಬೂಟುಗಳಿಗೆ ಹತ್ತು ವರ್ಷ ಸುಂಕವಿಲ್ಲ, ಎಷ್ಟು ಬೇಕಾದರೂ ಕಳಿಸಿ ಎಂದು ದೊಡ್ಡ ದೇಶದ ಅಧ್ಯಕ್ಷ ಮೂರು ವರ್ಷದ ಹಿಂದೆ ಕ್ಯಾಮೆರಾಗಳ ಮುಂದೆ ಎದೆ ಮುಟ್ಟಿಕೊಂಡು ಹೇಳಿದ್ದ. ಅದನ್ನು ನಂಬಿ ಕಾರ್ಖಾನೆಯವರು ಹೊಸ ಯಂತ್ರ ತಂದರು, ತಮ್ಮನೂ ಮನೆ ಕಟ್ಟಲು ತಳಪಾಯ ಹಾಕಿಸಿದ. ಈ ವರ್ಷ ಒಂದು ಬೆಳಿಗ್ಗೆ ಅಧ್ಯಕ್ಷ ಕಾಫಿ ಕುಡಿಯುವಷ್ಟು ಸಲೀಸಾಗಿ ಮಾತು ವಾಪಸ್ ತೆಗೆದುಕೊಂಡ. ಕಾರ್ಖಾನೆ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಒಂದು ಭಾನುವಾರ ಊಟ ಮಾಡಿ ಕೈ ತೊಳೆಯುತ್ತಾ ತಮ್ಮ ಹೇಳಿದ್ದ, "ದೊಡ್ಡೋರು ಮಾತು ತಪ್ಪಿದ್ರೆ ಅದಕ್ಕೆ ನೀತಿ ಅಂತಾರೆ ಅಕ್ಕಾ, ನಾವು ತಪ್ಪಿದ್ರೆ ಮೋಸ ಅಂತಾರೆ."

ಪೆಟ್ಟು ತಿಂದದ್ದು ಇವರ ದೇಶ ಒಂದೇ ಅಲ್ಲ, ಅಕ್ಕಪಕ್ಕದ ಮೂರು ದೇಶಗಳೂ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಾಲ್ವರು ಪ್ರಧಾನಿಗಳೂ ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ನಾಲ್ವರೂ ಸೇರಿ ಒಂದೇ ವೇದಿಕೆಯಲ್ಲಿ ಅಧ್ಯಕ್ಷನನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ್ದರು. ಕರಡು ಓದುವಾಗ ಪ್ರಧಾನಿ ಒಂಬತ್ತನೆಯ ಪುಟಕ್ಕೆ ಬಂದು ನಿಂತರು.

"ಇದು ಯಾರ ಮಾತು?"

"ನನ್ನ ತಮ್ಮಂದು ಸರ್. ಬೂಟಿನ ಕಾರ್ಖಾನೆಯಲ್ಲಿದ್ದಾನೆ. ಸ್ವಲ್ಪ ಖಾರ ಜಾಸ್ತಿ ಆಯ್ತೇನೋ, ತೆಗೆದುಬಿಡ್ಲಾ?"

"ತೆಗೆಯೋದಾ? ಇಡೀ ಭಾಷಣದಲ್ಲಿ ಜೀವ ಇರೋದೇ ಇದೊಂದಕ್ಕೆ," ಎಂದು ಅವರು ಹಸಿರು ಪೆನ್ನು ತೆಗೆದಿದ್ದರು.

ಸಭೆಯಲ್ಲಿ ಮೊದಲನೆಯವರು ಅಧ್ಯಕ್ಷನ ಮಾತಿಗೆ ಮರಳಿನ ಬೆಲೆಯೂ ಇಲ್ಲ ಎಂದರು. ಎರಡನೆಯವರು ಮೇಜು ಕುಟ್ಟಿದರು. ಮೂರನೆಯವರು ಹೆಂಗಸು, ಇಂಥವನ ಪಕ್ಕ ಕೂತು ಫೋಟೊ ತೆಗೆಸಿಕೊಂಡದ್ದಕ್ಕೆ ನಾಚಿಕೆಯಾಗುತ್ತದೆ ಎಂದರು. ಆದರೆ ಸಮುದ್ರ ದಾಟಿ ಹೋದದ್ದು ನಾಲ್ಕನೆಯವರಾದ ಇವರ ಪ್ರಧಾನಿ ಓದಿದ ತಮ್ಮನ ಮಾತು. ಮಾರನೆಯ ದಿನ ಎಲ್ಲ ಪತ್ರಿಕೆಗಳಲ್ಲೂ ಅದೇ. ತಮ್ಮ ಫೋನ್ ಮಾಡಿದ. "ಅಕ್ಕಾ, ಗೇಟಿನ ಗೋಡೆ ಮೇಲೆ ಬರೆಸಿದೀವಿ, ಆಳೆತ್ತರದ ಅಕ್ಷರ. ನಿಜವಾಗ್ಲೂ ಅವರೇ ‘ಇರಲಿ’ ಅಂದ್ರಾ?"

"ಎರಡು ಗೆರೆ ಎಳೆದ್ರು ಕಣೋ," ಎಂದಳು ಕರಡಕ್ಕ. ಅಷ್ಟು ಹೆಮ್ಮೆಯಿಂದ ಅವಳು ತನ್ನ ಬಗ್ಗೆ ಎಂದೂ ಮಾತಾಡಿರಲಿಲ್ಲ.

ಆ ಹೆಮ್ಮೆಗೆ ಎರಡು ದಿನದ ಆಯಸ್ಸು. ಮೂರನೆಯ ದಿನ ಅಧ್ಯಕ್ಷ ಬಾಯಿ ಬಿಟ್ಟ. ನಾಲ್ವರೂ ಮಾತು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಅವರ ದೇಶಗಳಿಂದ ಒಂದು ಗುಂಡಿ, ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ ಎಂದ. ಅಷ್ಟೇ ಸಾಕಾಯಿತು. ಮೊದಲನೆಯವರು ತಮ್ಮ ಮಾತನ್ನು ಪತ್ರಿಕೆಗಳು ತಿರುಚಿದವು ಎಂದರು. ಮೇಜು ಕುಟ್ಟಿದವರಿಗೆ ಅವತ್ತು ಜ್ವರವಿತ್ತಂತೆ. ನಾಚಿಕೆಪಟ್ಟ ಹೆಂಗಸು ತಾವು ಹೇಳಿದ್ದು ಹಿಂದಿನ ಅಧ್ಯಕ್ಷರ ಬಗ್ಗೆ ಎಂದರು, ಪಾಪ ಅವರು ಸತ್ತು ಆರು ವರ್ಷವಾಗಿತ್ತು. ಸಂಜೆಯೊಳಗೆ ಮೂವರೂ ನುಣುಚಿಕೊಂಡ ಮೇಲೆ ಕಣದಲ್ಲಿ ಉಳಿದವರು ಇವರೊಬ್ಬರೇ. ನಮ್ಮವರು ಹಾಗಲ್ಲ ಎಂದು ಕರಡಕ್ಕ ಬೆರಳಚ್ಚಿನವಳ ಹತ್ತಿರ ಹೇಳಿದಳು. ಹೇಳುವಾಗ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಮಾರನೆಯ ಬೆಳಿಗ್ಗೆ ಕರೆ ಬಂತು. ಪ್ರಧಾನಿ ತಾವೇ ಎದ್ದು ಚಹಾ ಬಗ್ಗಿಸಿ ಕೊಟ್ಟರು. ಹತ್ತೊಂಬತ್ತು ವರ್ಷದಲ್ಲಿ ಇಲ್ಲದ ಉಪಚಾರ. ಆಪ್ತ ಕಾರ್ಯದರ್ಶಿ ಕಿಟಕಿಯ ಹತ್ತಿರ ನಿಂತು ಹೊರಗೇನೋ ಮಹತ್ತರವಾದದ್ದು ನಡೆಯುತ್ತಿದೆ ಎಂಬಂತೆ ನೋಡುತ್ತಿದ್ದ.

"ಒಂದು ಹೇಳಿಕೆ ಬೇಕಮ್ಮಾ. ಚಿಕ್ಕದು. ನಾಲ್ಕು ಸಾಲು."

"ವಿಷಾದ ಅನ್ನೋ ಪದದಲ್ಲೇ ಮುಗಿಸ್ತೀನಿ ಸರ್. ಮರ್ಯಾದೆ ಹೋಗದ ಹಾಗೆ ಬರೀಬಹುದು."

"ವಿಷಾದ ಅಲ್ಲ. ನಾನು ತಲೆ ತಗ್ಗಿಸಿದ್ರೆ ದೇಶ ತಗ್ಗಿಸಿದ ಹಾಗೆ." ಅವರು ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಆ ಸಾಲು ನನ್ನ ಗಮನಕ್ಕೆ ಬರದೆ ಸೇರಿಹೋಯ್ತು ಅಂತ. ಕಚೇರಿಯವರು ಯಾರೋ ಸೇರಿಸಿದ್ರು ಅಂತ."

ಕರಡಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈಯಲ್ಲಿದ್ದ ಚಹಾ ಕುಡಿಯುವುದೋ ಕೆಳಗಿಡುವುದೋ ತಿಳಿಯಲಿಲ್ಲ. "ಸರ್, ನೀವು ‘ಇರಲಿ’ ಅಂತ ಬರೆದ್ರಿ. ಎರಡು ಗೆರೆ ಎಳೆದ್ರಿ."

"ಎಲ್ಲಿದೆ ಆ ಹಾಳೆ?" ಎಂದ ಕಾರ್ಯದರ್ಶಿ, ಕಿಟಕಿಯ ಕಡೆಯಿಂದಲೇ.

ಅವಳು ಪ್ರಧಾನಿಯ ಮುಖ ನೋಡಿದಳು. ನಾನು ಬರೆದದ್ದು ನಿಜ, ಏನು ಮಾಡಲಿ, ಬೇರೆ ದಾರಿಯಿಲ್ಲ ಎಂದು ಒಂದು ಮಾತು ಅಂದಿದ್ದರೂ ಸಾಕಿತ್ತು. ಅದೊಂದನ್ನು ಕೇಳಿಸಿಕೊಂಡು ಅವಳು ಏನನ್ನಾದರೂ ಬರೆದುಕೊಡುತ್ತಿದ್ದಳು. ಅವರು ಹೇಳಿದ್ದು ಬೇರೆ. "ಹೆಸರು ಬರಲ್ಲಮ್ಮಾ. ಒಂದು ತಿಂಗಳು ರಜೆ, ಆಮೇಲೆ ಗ್ರಂಥಾಲಯಕ್ಕೆ ವರ್ಗ. ಗಾಳಿ ಬಂದಾಗ ತೂರ್ಕೋಬೇಕು. ನಿನ್ನ ತಮ್ಮನ ಕಾರ್ಖಾನೆ ನಡೀಬೇಡ್ವಾ?"

ತಮ್ಮನ ಹೆಸರೆತ್ತಿದ ಮೇಲೆ ಅವಳು ಚಹಾ ಕೆಳಗಿಟ್ಟು ಪೆನ್ನು ತೆಗೆದಳು. ಅವಳು ಹೇಳಿಕೆ ಬರೆದಳು. ಬೇರೆ ಯಾರಿಂದಾದರೂ ಬರೆಸಬಹುದಿತ್ತಲ್ಲ ಎಂದರೆ, ಆ ಕಚೇರಿಯಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯಬಲ್ಲವಳು ಅವಳೊಬ್ಬಳೇ. ಹರಕೆಯ ಕುರಿಯ ಕೈಯಲ್ಲೇ ಕತ್ತಿ ಮಸೆಸಿದರು. ‘ಸಿಬ್ಬಂದಿಯೊಬ್ಬರು ಅಚಾತುರ್ಯದಿಂದ ಸೇರಿಸಿದ ವಾಕ್ಯ’ ಎಂದು ಬರೆದಳು. ಅಚಾತುರ್ಯ ಎಂಬ ಪದದ ಹಿಂದೆ ಒಬ್ಬ ಹೆಂಗಸು ಹೇಗೋ ಬದುಕಿಕೊಳ್ಳಬಹುದು ಎಂದು ಅವಳ ಲೆಕ್ಕ.

ಪ್ರಧಾನಿ ಓದಿದರು. ಜೇಬಿನಿಂದ ಹಸಿರು ಪೆನ್ನು ತೆಗೆದರು. ‘ಅಚಾತುರ್ಯದಿಂದ’ ಎಂಬುದನ್ನು ಹೊಡೆದು ಹಾಕಿ, ಮೇಲೆ ‘ಉದ್ದೇಶಪೂರ್ವಕವಾಗಿ’ ಎಂದು ಬರೆದರು.

"ಅಚಾತುರ್ಯ ಅಂದ್ರೆ ದೊಡ್ಡ ದೇಶದೋರು ನಂಬಲ್ಲಮ್ಮಾ," ಎಂದು, ಪಕ್ಕದಲ್ಲಿ ಅಭ್ಯಾಸದಂತೆ ‘ಇರಲಿ’ ಎಂದು ಗೀಚಿ ಅವಳ ಕೈಗೆ ಕೊಟ್ಟರು.

ಅವಳಿಗೆ ನೋವಾದದ್ದು ಆಗ. ಅಲ್ಲಿಯವರೆಗೆ ಹೆದರಿದ ಮನುಷ್ಯ ಕೈಕೊಟ್ಟ ಎಂದುಕೊಂಡಿದ್ದಳು. ಹೆದರಿದವರನ್ನು ಕ್ಷಮಿಸಬಹುದು. ಇವರು ಪದ ಆರಿಸಿ, ತೂಗಿ, ಅವಳ ಬದುಕಿನ ಮೇಲೆ ಇಟ್ಟಿದ್ದರು. ಹಾಗೆ ಪದ ಆರಿಸುವುದನ್ನು ಅವರಿಗೆ ಕಲಿಸಿದವಳು ಅವಳೇ.

ಮಧ್ಯಾಹ್ನ ಹೇಳಿಕೆ ಟಿವಿಯಲ್ಲಿ ಬಂತು, ಅದರ ಹಿಂದೆಯೇ ಅವಳ ಹೆಸರೂ ಫೋಟೊವೂ ಬಂದವು. ಅವಳು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ ಕಾರ್ಯದರ್ಶಿ ಬಾಗಿಲಿಗೆ ಬಂದ.

"ವಿಚಾರಣೆ ಅಂತ ಇರುತ್ತೆ ಮೇಡಂ. ನಾಳೆ ಮನೆಗೆ ಬರ್ತಾರೆ, ಕಚೇರಿ ಕಾಗದ ಏನಾದ್ರೂ ಇದ್ರೆ ತಗೊಂಡು ಹೋಗ್ತಾರೆ. ಬೆಳಗಿನ ಆ ಕರಡು?"

"ನಿಯಮ ಮಾಡಿದೋಳು ನಾನೇ ಅಲ್ವಾ," ಎಂದಳು ಕರಡಕ್ಕ.

ಅವಳು ಯಂತ್ರದ ಗುಂಡಿ ಒತ್ತಿದಳು. ಅವನಿಗೆ ಬೆನ್ನು ಮಾಡಿ ನಿಂತು, ಪಕ್ಕದ ಕಟ್ಟಿನಿಂದ ಒಂದು ಖಾಲಿ ಹಾಳೆ ಎಳೆದು ಬಾಯಿಗೆ ಕೊಟ್ಟಳು. ಯಂತ್ರ ಎಂದಿನಂತೆ ಗುರುಗುಟ್ಟಿ ತಿಂದಿತು. ಕಾರ್ಯದರ್ಶಿ ಆ ಸದ್ದು ಮುಗಿಯುವವರೆಗೂ ನಿಂತು ಹೋದ.

ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಅದನ್ನೇ ಮಾತಾಡುತ್ತಿದ್ದರು. "ಯಾವಳೋ ಸೊಕ್ಕಿನವಳು, ಕೂತಲ್ಲಿಂದ ನಾಲ್ಕು ಜನರ ಹೊಟ್ಟೆಗೆ ಹೊಡೆದ್ಲು ನೋಡು." ಅವಳು ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡು ಕೊನೆಯ ನಿಲ್ದಾಣದವರೆಗೂ ಕೂತಳು.

ಕಾರ್ಖಾನೆಯ ಗೇಟಿಗೆ ಬೀಗ ಹಾಕಿತ್ತು. ತಮ್ಮ ಏಣಿ ಹತ್ತಿ ಗೋಡೆಗೆ ಬಿಳಿ ಬಣ್ಣ ಬಳಿಯುತ್ತಿದ್ದ. ಆಳೆತ್ತರದ ಅಕ್ಷರಗಳಲ್ಲಿ ಮೊದಲ ಎರಡು ಪದ ಆಗಲೇ ಹೋಗಿದ್ದವು. ಅವಳ ಬೂಟಿನ ಕಿರುಗುಟ್ಟುವ ಸದ್ದು ಅವನಿಗೆ ಗೊತ್ತು. ಅವನೇ ಮಾಡಿಕೊಟ್ಟ ಕಪ್ಪು ಬೂಟು ಅದು. ಆದರೂ ಅವನು ತಿರುಗಲಿಲ್ಲ.

"ನಾಳೆ ದೊಡ್ಡ ದೇಶದ ಖರೀದಿದಾರರು ಬರ್ತಾರಂತೆ," ಎಂದ, ಗೋಡೆಗೆ ಹೇಳುವಂತೆ. "ಇದು ಕಾಣಬಾರದಂತೆ. ಬರೆಸಿದೋನೇ ಅಳಿಸಲಿ ಅಂದ್ರು ಕಾರ್ಖಾನೆಯೋರು."

"ಒಂದು ನಿಮಿಷ ಕೆಳಗೆ ಬಾ."

"ಅವರೇ ‘ಇರಲಿ’ ಅಂದ್ರು ಅಂದೆ. ಎರಡು ಗೆರೆ ಅಂದೆ. ಇಡೀ ಕಾರ್ಖಾನೆಗೆ ಸಾರ್ಕೊಂಡು ಬಂದೆ ನಾನು, ನಮ್ಮಕ್ಕ ಸುಳ್ಳು ಹೇಳಲ್ಲ ಅಂತ." ಅವನ ಕುಂಚ ಗೋಡೆಯ ಮೇಲೆಯೇ ನಿಂತಿತು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನೀನೇ ಹೇಳ್ತಿದ್ದೆ ಅಕ್ಕಾ. ನನ್ನ ಮಾತು ಎತ್ತಿಕೊಂಡು ಹೋಗಿ ಹೀಗಾ ಮಾಡೋದು?"

ಪ್ರಧಾನಿಯ ಕೋಣೆಯಲ್ಲಿ ಬಾರದ ಅಳು ಅವಳಿಗೆ ಇಲ್ಲಿ ಬಂತು. ಊರೆಲ್ಲ ನಂಬಲಿ ಬಿಡಲಿ, ಇವನೊಬ್ಬ ನಂಬದಿದ್ದರೆ ತಾನು ಬದುಕುವುದು ಹೇಗೆ ಎನ್ನಿಸಿತು. ಚೀಲದಿಂದ ಬೆಳಗಿನ ಆ ಕರಡು ತೆಗೆದು ಏಣಿಯ ಮೇಲಕ್ಕೆ ಚಾಚಿದಳು.

ಅವನು ಕುಂಚವನ್ನು ಡಬ್ಬಿಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡ. ನಿಧಾನವಾಗಿ ಓದಿದ. ಕಪ್ಪು ಶಾಯಿಯ ಅಕ್ಕನ ಅಕ್ಷರ ಅವನಿಗೆ ಬಾಲ್ಯದಿಂದ ಗೊತ್ತು. ಹಸಿರು ಗೆರೆ ಬಿದ್ದ ಕಡೆ ಅವನ ಬೆರಳು ನಿಂತಿತು.

"ಅಚಾತುರ್ಯ ಅಂತ ನೀನು ಬರೆದಿದ್ಯಾ?"

"ಹೂಂ."

"ಇದು ಅವರ ಕೈಯಾ?"

"ಹೂಂ."

"ಮತ್ತೆ ಆ ಎರಡು ಗೆರೆ ಹಾಳೆ?"

"ಅದನ್ನ ನಾನೇ ಯಂತ್ರಕ್ಕೆ ಹಾಕಿದೆ ಕಣೋ. ಅವರಿಗೆ ನಾಚಿಕೆ ಆಗಬಾರದು ಅಂತ."

ಅವನು ಇನ್ನೊಂದು ಸಲ ಓದಿದ. ಆಮೇಲೆ ಏಣಿ ಇಳಿದು ಅವಳ ಮುಂದೆ ನಿಂತ. ಮೂಗು ಒರೆಸಿಕೊಂಡ.

"ಇದು ಯಾರಿಗಾದ್ರೂ ಗೊತ್ತಾ?"

"ಇಲ್ಲ. ನಾಳೆ ಮನೆ ಹುಡುಕೋಕೆ ಬರ್ತಾರೆ."

"ಎಡಗಾಲಿನ ಬೂಟು ಬಿಚ್ಚು," ಎಂದ ತಮ್ಮ.

ಅವಳು ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ನಿಂತಳು. ಅವನು ಕುಕ್ಕರಗಾಲಿನಲ್ಲಿ ಕೂತು, ಜೇಬಿನ ಸಣ್ಣ ಚಾಕುವಿನಿಂದ ಬೂಟಿನೊಳಗಿನ ಅಟ್ಟೆಯ ಅಂಚು ಎಬ್ಬಿಸಿದ. ಹಾಳೆಯನ್ನು ಪಾದದ ಅಳತೆಗೆ ಮೂರು ಮಡಿಕೆ ಮಾಡಿ, ಅಡಿಗೆ ಸರಿಸಿ, ಅಟ್ಟೆಯನ್ನು ಮತ್ತೆ ಕೂರಿಸಿ ಹೆಬ್ಬೆರಳಿನಿಂದ ಸುತ್ತಲೂ ಒತ್ತಿದ. ಇಪ್ಪತ್ತು ವರ್ಷ ಪಳಗಿದ ಕೈ, ಎಬ್ಬಿಸಿದ ಗುರುತೇ ಕಾಣಲಿಲ್ಲ. ಲೇಸನ್ನು ತಾನೇ ಕಟ್ಟಿದ.

"ಒತ್ತುತ್ತಾ?"

"ಸ್ವಲ್ಪ."

"ನಡೀತಾ ನಡೀತಾ ಕೂತ್ಕೊಳ್ಳತ್ತೆ."

ಅವನು ಡಬ್ಬಿ ಎತ್ತಿಕೊಂಡು ಮತ್ತೆ ಏಣಿ ಹತ್ತಿದ. ಗೋಡೆಯ ಮೇಲೆ ಇನ್ನೂ ಮುಕ್ಕಾಲು ಭಾಗ ಉಳಿದಿತ್ತು, ಹೊತ್ತು ಇಳಿಯುತ್ತಿತ್ತು.

"ನೆಲ ಸಮ ಇಲ್ಲ ಅಕ್ಕಾ. ಏಣಿ ಹಿಡ್ಕೋ."

ಕರಡಕ್ಕ ಎರಡೂ ಕೈಯಿಂದ ಏಣಿ ಹಿಡಿದು, ಎಡಗಾಲನ್ನು ನೆಲಕ್ಕೆ ಊರಿ ನಿಂತಳು. ಮೇಲಿನಿಂದ ಬಿಳಿ ಬಣ್ಣ ಅವಳ ಮುಂಗೈ ಮೇಲೆ ತೊಟ್ಟಿಕ್ಕುತ್ತಿತ್ತು.