ಒಂದು ಮೊಳ ಜಾಸ್ತಿ

ಭವ್ಯಶ್ರೀ ನಗುವುದನ್ನು ಕಂಡರೆ ವೇದವತಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಯಿಲೆ ಇಬ್ಬರಿಗೂ ಒಂದೇ, ಸ್ತನದ ಕ್ಯಾನ್ಸರ್. ಕೀಮೋ ಕೊಡುವಲ್ಲಿ ಕುರ್ಚಿಗಳೂ ಅಕ್ಕಪಕ್ಕ. ತಲೆ ಇಬ್ಬರದೂ ಬೋಳು. ಆದರೂ ರಾಮಕೃಷ್ಣನಗರದಿಂದ ಬರುವ ಆ ಹೆಂಗಸು ಸೂಜಿ ಚುಚ್ಚಿಸಿಕೊಳ್ಳುತ್ತಲೇ ನರ್ಸಮ್ಮನಿಗೆ ಗಂಡು ಹುಡುಕುವಳು, ಎದುರಿನವರ ಡಬ್ಬಿಯ ಚಟ್ನಿ ರುಚಿ ನೋಡುವಳು. ವೇದವತಿ ತಲೆ ಮೇಲೆ ಸೆರಗೆಳೆದುಕೊಂಡು ಗೋಡೆ ನೋಡುತ್ತಾ ಕೂತಿರುವಳು. ನೋವು ನುಂಗುವುದರಲ್ಲಿ ತಾನೇನು ಕಮ್ಮಿ? ಹೊಗಳಿಕೆ ಮಾತ್ರ ಅವಳಿಗೆ.

ಗಂಡ ನಂಜುಂಡಯ್ಯನವರಂತೂ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ನಿಸ್ಸೀಮರು. "ಆ ಹುಡುಗಿ ನೋಡಿ ಕಲೀಬೇಕು ಕಣೆ. ಎಷ್ಟು ಲವಲವಿಕೆ," ಎಂದು ದಾರಿಯುದ್ದಕ್ಕೂ ರಾಗ. ಅಷ್ಟಕ್ಕೇ ನಿಲ್ಲಿಸದೆ, ನವರಾತ್ರಿಯಲ್ಲಿ ಗೊಂಬೆ ನೋಡಿ ಅರಿಶಿನ ಕುಂಕುಮ ತಗೊಂಡು ಹೋಗಮ್ಮ ಎಂದು ಅವಳನ್ನು ಮನೆಗೇ ಕರೆದುಬಿಟ್ಟರು.

ವೇದವತಿಯ ಜಡೆ ಕೃಷ್ಣಮೂರ್ತಿಪುರಂಗೆಲ್ಲ ಹೆಸರುವಾಸಿಯಾಗಿತ್ತು. ಮಲ್ಲಿಗೆ ಮುಡಿದು ಹೊರಟರೆ ಬೆನ್ನ ಹಿಂದಿನಿಂದಲೇ ಗುರುತು ಹಿಡಿಯುತ್ತಿದ್ದರು. ಅದೆಲ್ಲ ಬಾಚಣಿಗೆಗೆ ಬಂದ ಮೇಲೆ ಹೂ ಮಾರುವವಳನ್ನೂ ಅವಳು ಗೇಟಿನಿಂದಾಚೆಗೇ ಕಳಿಸುತ್ತಿದ್ದಳು. ತನಗೆ ಇಷ್ಟು ಸಂಕಟವಾಗುವಾಗ ಆ ಭವ್ಯಶ್ರೀಗೆ ಹೇಗೆ ಆಗುವುದಿಲ್ಲ? ಒಂದೇ ಒಂದು ಸಲ ಆ ಮುಖ ಬಾಡಿದ್ದನ್ನು ನೋಡಿದರೆ ತನಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಅನ್ನಿಸಿತು.

ಸೊಸೆ ಅನನ್ಯಳನ್ನು ಅಡುಗೆಮನೆಗೆ ಕರೆದಳು. "ತಲೇಲಿ ಕೂದಲಿಲ್ಲದವರಿಗೆ ಹೂ ಕೊಡಬೇಡ ಕಣಮ್ಮ. ಎಲ್ಲಿ ಮುಡೀತಾರೆ, ಪಾಪ. ಮನಸ್ಸಿಗೆ ನೋವಾಗುತ್ತೆ."

"ಮುತ್ತೈದೆಗೆ ಹೂವಿಲ್ಲದೆ ಕುಂಕುಮ ಕೊಡೋದಾ ಅತ್ತೆ?"

"ನಾನು ಹೇಳಿದಷ್ಟು ಮಾಡು."

ಅನನ್ಯ ಅದನ್ನು ಕರುಣೆಯೆಂದೇ ತಿಳಿದಳು.

ಸಂಜೆ ಭವ್ಯಶ್ರೀ ರೇಷ್ಮೆ ಸೀರೆ ಉಟ್ಟು, ದೊಡ್ಡ ಜುಮುಕಿ ಹಾಕಿಕೊಂಡು, ಬೋಳುತಲೆ ಬಿಟ್ಟುಕೊಂಡೇ ಬಂದಳು. ವೇದವತಿಯ ಆರೋಗ್ಯ ವಿಚಾರಿಸಲು ಬಂದಿದ್ದ ಅಕ್ಕಪಕ್ಕದವರೆಲ್ಲ ಐದು ನಿಮಿಷದಲ್ಲಿ ಅವಳ ಸುತ್ತ ಸೇರಿದರು. "ಪಟ್ಟದ ರಾಜನ ಪೇಟ ತೆಗೆದು ನೋಡ್ರಿ, ಅವ್ನೂ ನನ್ನಂಗೇ," ಎಂದು ಗೊಂಬೆಗಳ ಕಡೆ ಕೈ ತೋರಿಸಿದಳು. ನಂಜುಂಡಯ್ಯನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತನ್ನ ಜೊತೆ ಅವರು ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ವೇದವತಿ ಲೆಕ್ಕ ಹಾಕಿದಳು.

ಅನನ್ಯ ತಟ್ಟೆ ಹಿಡಿದು ಬಂದಳು. ಭವ್ಯಶ್ರೀಗೆ ಕುಂಕುಮವಿಟ್ಟು, ಎಲೆಅಡಿಕೆ ಕೊಟ್ಟು, ಮುಂದೆ ಹೋದಳು. ಭವ್ಯಶ್ರೀ ತನ್ನ ಮಡಿಲು ನೋಡಿಕೊಂಡಳು, ಪಕ್ಕದವರ ಮಡಿಲಲ್ಲಿದ್ದ ಮಲ್ಲಿಗೆ ನೋಡಿದಳು. ನಗು ಇಳಿಯಿತು. ವೇದವತಿ ಕಣ್ಣು ತುಂಬ ನೋಡಿದಳು. ನೋಡಿದ್ದೂ ಆಯಿತು, ಯಾಕೋ ನೆಮ್ಮದಿಯಾಗಲಿಲ್ಲ.

"ನನ್ನ ಹೂವ ಮರ್ತುಬುಟ್ಯಾ ಅನನ್ಯ?"

"ಅದು... ಮುಡಿಯೋಕೆ..."

"ಕೂದ್ಲು ಹೋದ್ರೆ ಮೂಗೂ ಹೋಯ್ತದೇನಮ್ಮ? ಕೊಡು ಇತ್ಲಾಗೆ."

ಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಕಣ್ಣು ಮುಚ್ಚಿ ಆಘ್ರಾಣಿಸಿದಳು. ವೇದವತಿಗೆ ಆಗ ಹುಟ್ಟಿದ ಹೊಟ್ಟೆಕಿಚ್ಚು ಹಿಂದೆಂದೂ ಹುಟ್ಟಿರಲಿಲ್ಲ. ಇಷ್ಟು ತಿಂಗಳಿಂದ ತಾನು ಮಲ್ಲಿಗೆಯ ವಾಸನೆಯನ್ನೇ ನೋಡಿಲ್ಲ. ಬೇಡವೆಂದವರಾದರೂ ಯಾರು?

ಅಷ್ಟರಲ್ಲಿ ಅನನ್ಯ ಅತ್ತೆಯ ಮುಂದೆ ಬಂದು ಬಗ್ಗಿದಳು. ಕುಂಕುಮವಿಟ್ಟಳು, ಎಲೆಅಡಿಕೆ ಕೊಟ್ಟಳು. ಹೇಳಿದ ಮಾತು ಮೀರದ ಸೊಸೆ, ಹೂವಿನ ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟಳು.

ವೇದವತಿ ದೂರವಾಗುತ್ತಿದ್ದ ಆ ತಟ್ಟೆಯನ್ನೇ ನೋಡಿದಳು. ತನ್ನ ಮನೆ, ತನ್ನ ಗೊಂಬೆ, ತನ್ನದೇ ಆಜ್ಞೆ.

"ನಿಲ್ಲು ಅನನ್ಯ." ಅವಳು ಸೆರಗನ್ನು ತಲೆಯಿಂದ ಜಾರಿಸಿದಳು. ಗಂಡ ಮೂಲೆಯಿಂದ ಎದ್ದು ನಿಂತರು. "ನಂಗೂ ಹೂ ಕೊಡು. ಅವಳಿಗೆ ಕೊಟ್ಟಿದ್ದಕ್ಕಿಂತ ಒಂದು ಮೊಳ ಜಾಸ್ತಿ ಇರಬೇಕು."

"ಅಳೆದೇ ಕೊಡು ಕಣಮ್ಮ," ಎಂದಳು ಭವ್ಯಶ್ರೀ. "ಇಲ್ದಿದ್ರೆ ನಿಮ್ಮತ್ತೆ ಬುಡಲ್ಲ."

ವೇದವತಿ ಎರಡೂ ಕೈ ಮುಂದೆ ಚಾಚಿದಳು. ಅನನ್ಯ ಅಳೆದೇ ಕೊಟ್ಟಳು.