ಬ್ಲೇಡಿನ ಮೇಲಿನ ಮುಚ್ಚಳ

ಹೊಸದುರ್ಗದಿಂದ ಮಾಡದಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಾಗಭೂಷಣನ ಮರಗೆಲಸದ ಶೆಡ್ಡು. ಬಾಗಿಲು, ಕಿಟಕಿ, ಮಂಚ ಮಾಡಿಕೊಡುತ್ತಿದ್ದ. ಕೆಲಸಕ್ಕೆ ಇದ್ದವನು ಹನುಮೇಶ್ ಒಬ್ಬನೇ. ಮಾಡದಕೆರೆಯವನು, ಇಬ್ಬರು ಮಕ್ಕಳ ತಂದೆ, ಮದುವೆಗೆ ಮೊದಲಿನಿಂದಲೂ ಅಲ್ಲೇ ದುಡಿಯುತ್ತಿದ್ದವನು.

ಹಲಗೆ ಸೀಳುವ ಗರಗಸದ ಮಿಷನ್ ಹೊಸದಾಗಿ ಬಂದಾಗ ಬ್ಲೇಡಿನ ಮೇಲೆ ಕೂರುವ, ಒಳಗಿನದು ಕಾಣುವ ಪ್ಲಾಸ್ಟಿಕ್ ಮುಚ್ಚಳವೊಂದು, ಬ್ಲೇಡಿನ ಹಿಂದೆ ನಿಲ್ಲುವ ತೆಳು ಉಕ್ಕಿನ ಪಟ್ಟಿಯೊಂದು ಜೊತೆಗೇ ಬಂದಿದ್ದವು. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಬಿಗಿಯಾಗಿ ಹಿಡಿದರೆ ಹಲಗೆ ಹಿಂದಕ್ಕೆ ಒದೆಯುತ್ತದೆ. ಆ ಪಟ್ಟಿ ಇರುವುದು ಅದನ್ನು ತಡೆಯಲು. ಆದರೆ ಶೆಡ್ಡಿನಲ್ಲಿ ಧೂಳು ಹೊರಗೆ ಹೋಗಲು ದಾರಿಯೇ ಇರಲಿಲ್ಲ. ನಾಲ್ಕು ಹಲಗೆ ಸೀಳುವಷ್ಟರಲ್ಲಿ ಮುಚ್ಚಳದ ಒಳಗೆಲ್ಲ ಮರದ ಪುಡಿ ಮೆತ್ತಿಕೊಂಡು, ಹಲಗೆಯ ಮೇಲೆ ಎಳೆದ ಗೀಟು ಕಾಣಿಸುತ್ತಿರಲಿಲ್ಲ. ನಿಲ್ಲಿಸಬೇಕು, ಒರೆಸಬೇಕು, ಮತ್ತೆ ಶುರು ಮಾಡಬೇಕು. ಹೊಳಲ್ಕೆರೆಯ ಮನೆಯೊಂದರ ಗೃಹಪ್ರವೇಶ ಹತ್ತಿರವಾಗಿ, ಬಾಗಿಲುಗಳು ಇನ್ನೂ ಆಗಿಲ್ಲವೆಂದು ಆ ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ನಾಗಭೂಷಣ ಸ್ಪ್ಯಾನರ್ ಹಿಡಿದು ಎರಡನ್ನೂ ಬಿಚ್ಚಿ ಅಟ್ಟದ ಮೇಲಕ್ಕೆ ಎಸೆದ.

"ಹಾಕ್ಕಂಡೇ ಕೊಯ್ಯಾಣ ಅಣ್ಣ. ನಾನು ಒರೆಸ್ಕಂತೀನಿ," ಎಂದ ಹನುಮೇಶ್.

"ನಿನ್ನ ಕೈಗೂ ಮುಚ್ಚಳ ಬೇಕೇನಲೇ? ಅವೆಲ್ಲ ಹೊಸಬರಿಗೆ."

ಹೊಗಳಿಕೆಯೆಂದುಕೊಂಡು ಹನುಮೇಶ್ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

ಅದೇ ವಾರ ಗಂಟಿದ್ದ ಬೇವಿನ ಹಲಗೆಯೊಂದು ಒದೆಯಿತು. ನಾಗಭೂಷಣ ಬೆನ್ನು ತಿರುಗಿಸಿಕೊಂಡು ಚೌಕಟ್ಟಿನ ಅಳತೆ ನೋಡುತ್ತಿದ್ದ. ಹಲಗೆ ಗೋಡೆಗೆ ಬಡಿದ ಸದ್ದು ಕೇಳಿ ತಿರುಗಿದಾಗ ಹನುಮೇಶ್ ಎಡಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅಂಗಿ ಕೆಂಪಾಗುತ್ತಿತ್ತು. ಕಿರುಚಲಿಲ್ಲ. "ಅಣ್ಣ, ಮಿಷನ್ ಆಫ್ ಮಾಡ್ರಿ," ಎಂದಷ್ಟೇ ಹೇಳಿದ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು. ತೋರುಬೆರಳು ಪೂರ್ತಿ ಹೋಗಿತ್ತು, ನಡುಬೆರಳು ಅರ್ಧ.

"ಮಿಷನ್‌ಗೆ ಗಾರ್ಡ್ ಇರಲಿಲ್ವಾ?" ಎಂದು ಕೇಳಿದರು.

ನಾಗಭೂಷಣ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿದ್ದ ಹನುಮೇಶ್ ಹೇಳಿದ: "ಇತ್ತು ಸಾರ್. ನಾನೇ ಬಿಚ್ಚಿದ್ದೆ. ಅಣ್ಣ ಬ್ಯಾಡ ಅಂದ್ರು, ನಾನು ಕೇಳ್ಲಿಲ್ಲ."

ಡಾಕ್ಟರು ನಾಗಭೂಷಣನ ಕಡೆ ನೋಡಿದರು. "ಹೌದೇನ್ರಿ?"

ನಾಗಭೂಷಣ ತಲೆಯಾಡಿಸಿದ. ಆಡಿಸಬೇಕೆಂದು ಯೋಚಿಸಿರಲಿಲ್ಲ, ತಲೆ ತಾನಾಗಿ ಆಡಿತು. ಹನುಮೇಶ್ ಕಣ್ಣು ಮುಚ್ಚಿಕೊಂಡ. ನೋವಿಗೋ, ಮಾಲೀಕ ಬಚಾವಾದನೆಂಬ ಸಮಾಧಾನಕ್ಕೋ ತಿಳಿಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹನುಮೇಶನ ಹೆಂಡತಿ ಮಮತಾ ನಾಗಭೂಷಣನ ಮನೆ ಬಾಗಿಲಿಗೆ ಬಂದಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು ಬಸ್ಸಿಳಿದು ನೇರವಾಗಿ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ. ಜಗುಲಿಯ ಕೆಳಗೇ ನಿಂತು ಕೈ ಮುಗಿದಳು.

"ನಿಮ್ಮ ಮಾತು ಕೇಳಿದ್ರೆ ಹಿಂಗಾಗ್ತಿರ್ಲಿಲ್ಲ ಅಣ್ಣ. ಅವರು ತಪ್ಪು ಮಾಡ್ಯಾರೆ. ಅವರ ಬದಲು ನಾನು ಕೇಳ್ಕಂತೀನಿ, ಕೆಲಸ ಮಾತ್ರ ಬಿಡಿಸಬ್ಯಾಡ್ರಿ."

ನಾಗಭೂಷಣನ ಹೆಂಡತಿ ಅನುಪಮಾ ಇಳಿದು ಹೋಗಿ ಅವಳ ಕೈ ಹಿಡಿದುಕೊಂಡಳು. "ಅಳಬ್ಯಾಡ ಕಣಮ್ಮ. ನಮ್ಮನೆಯೋರು ಅಂಥೋರಲ್ಲ."

ಈಗ ಹೇಳಬೇಕು ಎಂದುಕೊಂಡ ನಾಗಭೂಷಣ. ಮಾತು ನಾಲಿಗೆಯ ತನಕ ಬಂತು. ಆದರೆ ಎದುರಿಗೆ ಇಬ್ಬರು ಹೆಂಗಸರು ಅವನನ್ನು ದೊಡ್ಡ ಮನುಷ್ಯನೆಂದು ನಂಬಿ ನಿಂತಿದ್ದರು. "ಕೆಲಸ ಎಲ್ಲಿಗೂ ಹೋಗಲ್ಲ ತಂಗಿ. ಮೊದ್ಲು ಅವನು ಹುಷಾರಾಗ್ಲಿ," ಎಂದುಬಿಟ್ಟ. ಮಮತಾ ಮತ್ತೊಮ್ಮೆ ಕೈ ಮುಗಿದು ಹೋದಳು. ಅವಳು ತಿರುವಿನಲ್ಲಿ ಮರೆಯಾದ ಮೇಲೂ ಅವನು ಜಗುಲಿಯ ಮೇಲೇ ಕೂತಿದ್ದ. ಅನುಪಮಾ ತಟ್ಟೆಗೆ ಹಾಕಿದ ರೊಟ್ಟಿ ಹಾಗೇ ಆರಿಹೋಯಿತು.

ಆಸ್ಪತ್ರೆಯ ಖರ್ಚೆಲ್ಲ ಅವನೇ ನೋಡಿಕೊಂಡ. ಅದರಿಂದ ಮನಸ್ಸು ಹಗುರವಾಗಲಿಲ್ಲ. ಹನುಮೇಶನನ್ನು ನೋಡಲು ಹೋದಾಗಲೆಲ್ಲ ಬ್ಯಾಂಡೇಜಿನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಾ ಮಾತಾಡುತ್ತಿದ್ದ. ಹನುಮೇಶನೂ ಆ ವಿಷಯ ಎತ್ತಲಿಲ್ಲ.

ಶೆಡ್ಡಿನಲ್ಲಿ ನಾಗಭೂಷಣ ಮಿಷನ್ ನಿಲ್ಲಿಸಿ ಬೇರೆ ಕೆಲಸಕ್ಕೆ ಕೈ ಹಾಕಿದ. ಅಟ್ಟ ಹತ್ತಿ ಮುಚ್ಚಳವನ್ನೂ ಪಟ್ಟಿಯನ್ನೂ ಕೆಳಗಿಳಿಸಿ ತೊಳೆದ. ಪಟ್ಟಿಯನ್ನು ಬ್ಲೇಡಿನ ನೇರಕ್ಕೆ ಕೂರಿಸಿದ. ಚಿತ್ರದುರ್ಗದಿಂದ ಧೂಳು ಎಳೆಯುವ ಮೋಟಾರು ತಂದು, ಮೇಜಿನ ಕೆಳಗೆ ಪ್ಲೈವುಡ್ಡಿನ ಡಬ್ಬ ಕಟ್ಟಿ ಅದಕ್ಕೆ ಪೈಪು ಜೋಡಿಸಿದ. ನಾಲ್ಕು ಹಲಗೆ ಸೀಳಿ ನೋಡಿದ. ಕೆಳಗಿನ ಪುಡಿಯೆಲ್ಲ ಹೋಯಿತು, ಆದರೆ ಮುಚ್ಚಳದೊಳಗೆ ಮತ್ತೆ ಮೆತ್ತಿಕೊಂಡಿತು. ಬ್ಲೇಡಿನ ಹಲ್ಲು ಪುಡಿಯನ್ನು ಮೇಲಕ್ಕೂ ಎರಚುತ್ತಿತ್ತು. ಮುಚ್ಚಳದ ನೆತ್ತಿಗೆ ತೂತು ಕೊರೆದು, ಸೂರಿನಿಂದ ಇಳಿಬಿಟ್ಟ ಎರಡನೇ ಪೈಪನ್ನು ಅಲ್ಲಿ ಸಿಕ್ಕಿಸಿದ. ದಪ್ಪ ಪುಡಿ ಬೀಳಲೆಂದು ಪೈಪಿಗೂ ಮೋಟಾರಿಗೂ ನಡುವೆ ಬಿಗಿ ಮುಚ್ಚಳದ ಡ್ರಮ್ಮು, ಸಣ್ಣ ಧೂಳು ಸೇರಲೆಂದು ಗೋಡೆಯಾಚೆ ಬಟ್ಟೆಯ ಚೀಲ. ಬ್ಲೇಡಿನ ಹತ್ತಿರ ಬೆರಳು ಹೋಗದಂತೆ ಹಲಗೆ ತಳ್ಳಲು ಮರದ ಕೋಲೊಂದನ್ನು ಮಾಡಿದ. ಮೊಣಕಾಲಿನಿಂದ ಒತ್ತಿದರೂ ಮಿಷನ್ ನಿಲ್ಲುವಂತೆ ಕೆಂಪು ಸ್ವಿಚ್ಚನ್ನು ಕೆಳಗೆ ಹಾಕಿಸಿದ.

ಕೊನೆಗೆ ಹಲಗೆ ಸೀಳುವಾಗ ಗೀಟು ಮೊದಲಿನಿಂದ ಕೊನೆಯವರೆಗೂ ಸ್ಪಷ್ಟವಾಗಿ ಕಾಣಿಸಿತು. ಎಷ್ಟು ಸುಲಭವಾಗಿತ್ತು ಇದು. ನಾಗಭೂಷಣ ಮಿಷನ್ ಆಫ್ ಮಾಡಿ, ಸೀಳಿದ ಹಲಗೆಯನ್ನು ಗೋಡೆಗೆ ಒರಗಿಸಿದ.

ಎದುರಿನ ಟೀ ಅಂಗಡಿಯ ಚಿಕ್ಕತಿಮ್ಮಪ್ಪ ಬಂದು ಎಲ್ಲ ನೋಡಿದ. "ಕೆಲಸದೋನು ತಪ್ಪು ಮಾಡ್ಕಂಡ್ರೂ ಇಷ್ಟೆಲ್ಲ ಮಾಡ್ಸಿದ್ದೀಯಲ್ಲಪ್ಪ. ನಿನ್ನಂಥ ಮಾಲೀಕ ಸಿಗಬೇಕಲ್ಲ."

ನಾಗಭೂಷಣ ಕೈಯಲ್ಲಿದ್ದ ಪೈಪಿನ ಕ್ಲಿಪ್ಪನ್ನು ಸುಮ್ಮನೆ ಬಿಗಿಯುತ್ತಾ ಕುಳಿತ. ಆಮೇಲೆ ರಸ್ತೆಯಲ್ಲಿ ಸಿಕ್ಕವರೆಲ್ಲ ಇದೇ ಮಾತು ಆಡತೊಡಗಿದರು. ಅವನು ಟೀ ಕುಡಿಯಲು ಹೋಗುವುದನ್ನೇ ಬಿಟ್ಟ.

ಗಾಯ ಮಾಗಿದ ಮೇಲೆ ಹನುಮೇಶ್ ಬಂದ. ಜೊತೆಗೆ ಮಮತಾ, ಅವಳ ತಂದೆ ಕಾಟಲಿಂಗಪ್ಪ. ಆ ಹಿರಿಯರು ಕುರಿ ಮಂದೆಯನ್ನು ಬೇರೆಯವರಿಗೆ ಒಪ್ಪಿಸಿ, ಹೆಗಲ ಮೇಲೆ ಕಂಬಳಿ ಹೊದ್ದು ಅಳಿಯನ ಪರವಾಗಿ ಮಾತಾಡಲು ಬಂದಿದ್ದರು. "ಕುಂತ್ಕಳ್ರಿ ಯಜಮಾನ್ರೆ," ಎಂದು ನಾಗಭೂಷಣ ಬೆಂಚು ಒರೆಸಿದ.

"ಕುಂದ್ರಾಕೆ ಬಂದಿಲ್ಲಪ್ಪ," ಎಂದರು ಕಾಟಲಿಂಗಪ್ಪ. "ನಮ್ಮ ಅಳಿಯಂಗೆ ಒಂದೀಟು ಬುದ್ಧಿ ಸಾಲ್ದು. ದೊಡ್ಡೋರು ಹೇಳಿದ್ ಕೇಳ್ಲಿಲ್ಲ, ಬೆರಳು ಕಳ್ಕಂಡ. ಮನಸ್ನಾಗೆ ಇಟ್ಕಬ್ಯಾಡ. ಗುಡ್ಸೋ ಕೆಲಸ ಕೊಟ್ರೂ ಮಾಡ್ತಾನೆ."

ಹನುಮೇಶ್ ತಲೆ ತಗ್ಗಿಸಿ ನಿಂತಿದ್ದ. ಮಾಡದ ತಪ್ಪಿಗೆ ಮಾವನ ಎದುರು, ಹೆಂಡತಿಯ ಎದುರು ಹಾಗೆ ನಿಂತಿದ್ದವನನ್ನು ನೋಡಿ ನಾಗಭೂಷಣನಿಗೆ ಇನ್ನು ತಡೆಯಲಾಗಲಿಲ್ಲ.

"ಅವನು ಬಿಚ್ಚಿದ್ದಲ್ಲ ಯಜಮಾನ್ರೆ. ನಾನು ಬಿಚ್ಚಿದ್ದು. ಬ್ಯಾಡ ಅಂದೋನು ಅವನು."

"ಬಿಡ್ರಿ ಅಣ್ಣ," ಎಂದ ಹನುಮೇಶ್ ಮೆಲ್ಲಗೆ.

"ಇಲ್ಲ. ಆಸ್ಪತ್ರೇಲಿ ನನ್ನ ಉಳಿಸಾಕೆ ಅವನು ಸುಳ್ಳು ಹೇಳಿದ. ನಾನು ಹೌದು ಅಂತ ತಲೆ ಆಡಿಸ್ದೆ."

ಕಾಟಲಿಂಗಪ್ಪ ಅಳಿಯನ ಮುಖ ನೋಡಿದರು. ಮಾತಾಡಿದವಳು ಮಮತಾ. ದನಿ ಏರಲಿಲ್ಲ.

"ನಾನು ನಿಮ್ಮ ಬಾಗಿಲಿಗೆ ಬಂದು ಕೈ ಮುಗಿದಾಗ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು," ಎಂದ ನಾಗಭೂಷಣ.

"ನಿಮಗೆ ನಾಚಿಕೆ ಆಯ್ತು ಅಂತ ಸುಮ್ನಿದ್ರಿ. ಇವರನ್ನ ಮನೇಲಿ ನಾನು ದಿನಾ ಬಯ್ದೆ. ಮಕ್ಕಳ ಎದುರಿಗೆ ಬಯ್ದೆ." ಅವಳು ಗಂಡನ ಕಡೆ ತಿರುಗಿದಳು. "ನೀವಾದ್ರೂ ಹೇಳ್ಬೋದಿತ್ತು."

"ಕೆಲಸ ಹೋಗ್ತದೆ ಅನ್ಕಂಡೆ," ಎಂದ ಹನುಮೇಶ್.

ಮಮತಾ ಸೆರಗಿನಿಂದ ಮುಖ ಒರೆಸಿಕೊಂಡು ಮಿಷನ್ ಹತ್ತಿರ ಹೋದಳು. "ಹಾಕ್ರಿ ಇದನ್ನ. ನೋಡ್ತೀನಿ."

ನಾಗಭೂಷಣ ಮೋಟಾರು ಹಾಕಿ, ಕೋಲಿನಿಂದ ತಳ್ಳುತ್ತಾ ಹಲಗೆಯೊಂದನ್ನು ಸೀಳಿದ. ಮುಚ್ಚಳ ಹಲಗೆಯ ಮೇಲೆ ಮೆಲ್ಲನೆ ಎದ್ದು ಕೂತಿತು. ಪುಡಿ ಪೈಪಿನೊಳಗೆ ಸರಸರನೆ ಹೋಯಿತು, ಅವಳ ಸೀರೆಯ ಮೇಲೆ ಒಂದು ಕಣವೂ ಬೀಳಲಿಲ್ಲ. ಮಿಷನ್ ನಿಂತ ಮೇಲೆ ಮಮತಾ ಮುಚ್ಚಳದ ಮೇಲೆ ಬೆರಳಿಟ್ಟು ನೋಡಿದಳು.

"ಚೆನ್ನಾಗೈತೆ," ಎಂದಳು. "ಮೊದ್ಲೇ ಮಾಡ್ಬೋದಿತ್ತು."

ಅವಳು ಅಪ್ಪನನ್ನು ಕರೆದುಕೊಂಡು ಹೊರಟಳು. ಹನುಮೇಶ್ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಅವರ ಹಿಂದೆಯೇ ಹೋದ. ಅಂದೇ ಸಂಜೆ ನಾಗಭೂಷಣ ಅನುಪಮಾಳಿಗೂ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು ಎದ್ದು ಒಳಗೆ ಹೋದಳು. ಮಾರನೇ ದಿನ ಟೀ ಅಂಗಡಿಯಲ್ಲಿ, ನಾಲ್ಕು ಜನರಿದ್ದಾಗ, ಚಿಕ್ಕತಿಮ್ಮಪ್ಪನಿಗೂ ಹೇಳಿದ. ಹೇಳುವಾಗ ಕಿವಿಯೆಲ್ಲ ಬಿಸಿಯಾಗಿತ್ತು. ಯಾರೂ ಬಯ್ಯಲಿಲ್ಲ. ಸುಮ್ಮನೆ ಟೀ ಕುಡಿದು ಒಬ್ಬೊಬ್ಬರಾಗಿ ಎದ್ದುಹೋದರು.

ಮುಂದಿನ ಸೋಮವಾರ ಹನುಮೇಶ್ ಕೆಲಸಕ್ಕೆ ಬಂದ. ಮೊದಲ ಹಲಗೆ ಸೀಳುವ ಮುಂಚೆ ಕೆಂಪು ಸ್ವಿಚ್ಚನ್ನು ಮೊಣಕಾಲಿನಿಂದ ಎರಡು ಸಲ ಒತ್ತಿ ನೋಡಿದ. ಅಳತೆ, ಮರ, ಮೊಳೆ ಬಿಟ್ಟು ಬೇರೆ ಮಾತಾಡಲಿಲ್ಲ. ಮಧ್ಯಾಹ್ನ ಬುತ್ತಿಯನ್ನು ಹೊರಗಿನ ಹೊಂಗೆ ಮರದ ಕೆಳಗೆ ಒಬ್ಬನೇ ಕೂತು ಬಿಚ್ಚಿದ. ನಾಗಭೂಷಣನಿಗೆ ಕರೆಯಬೇಕೆನಿಸಿತು. ಕರೆಯುವ ಹಕ್ಕು ತನಗಿನ್ನೂ ಬಂದಿಲ್ಲವೆಂದು ತಿಳಿದು, ಒಳಗೇ ಉಂಡು ಕೈ ತೊಳೆದ.